ಬಲ್ಬು ಕೆಟ್ಟಿರಲಿಲ್ಲ!

ಮಕ್ಕಳೇ, ಬೇಸಿಗೆಯಲ್ಲಿ ವಾಡಿ, ಶಹಾಬಾದ, ಸೇಡಂ ಕಡೆಯ ರಸ್ತೆಗಳಲ್ಲಿ ಓಡಾಡಿದ್ದೀರಾ? ಮನೆ ಸೇರುವಷ್ಟರಲ್ಲಿ ಹುಬ್ಬು, ತಲೆಗೂದಲೆಲ್ಲ ಬೂದುಬಣ್ಣಕ್ಕೆ ತಿರುಗಿರುತ್ತವೆ. ನಮ್ಮ ಭಾಗದ ನೆಲದಡಿ ಸುಣ್ಣದಕಲ್ಲು ಹೇರಳವಾಗಿದೆ. ಮನೆಗೆ ಹಾಸುವ ಶಹಾಬಾದ ಕಲ್ಲು ಕೂಡ ಸುಣ್ಣದಕಲ್ಲೇ. ಸಿಮೆಂಟ್ ಕಾರ್ಖಾನೆಗಳಿಗೂ ಅದೇ ಕಚ್ಚಾವಸ್ತು. ಲಾರಿಗಳು ಓಡಿದಂತೆಲ್ಲ ಹಿಟ್ಟಿನಂಥ ದೂಳು ಏಳುತ್ತದೆ. ಆ ದೂಳು ನನಗೊಂದು ಪಾಠ ಕಲಿಸಿತು.

ಅದು ಮೊದಲ ಮಳೆ ಬಿದ್ದ ವಾರ. ಸಂಜೆ ಮಗಳನ್ನು ಹಿಂದೆ ಕೂರಿಸಿಕೊಂಡು ಮೋಟಾರ್ ಸೈಕಲ್ಲಿನಲ್ಲಿ ಸೇಡಂನಿಂದ ತೆಂಗಳಿಗೆ ಬರುತ್ತಿದ್ದೆ. ಎಮ್ಮೆಯೊಂದು ಅಡ್ಡ ಬಂತು. ಬ್ರೇಕ್ ಹಾಕಿದೆ. ಹಿಂದಿನಿಂದ ಕಿರ್ರೆಂಬ ಸದ್ದು! ತಿರುಗಿ ನೋಡಿದರೆ, ಕಲ್ಲು ತುಂಬಿದ ಲಾರಿ ನಮ್ಮಿಂದ ಒಂದು ಮಾರು ದೂರದಲ್ಲಿ ನಿಂತಿತ್ತು. ಮಗಳು ನನ್ನ ಅಂಗಿಯನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಏ ಅಣ್ಣಾ, ನಿನ್ನ ಬ್ರೇಕ್ ಲೈಟೇ ಹತ್ತಂಗಿಲ್ಲಲ್ಲೋ! ನೀ ನಿಂತೀ ಅಂತ ನನಗ ಹ್ಯಾಂಗ ಗೊತ್ತಾಗಬೇಕು?" ಎಂದು ಚಾಲಕ ಕೂಗಿದ. ಅವನ ಮಾತು ಸರಿಯಾಗಿತ್ತು.

ಮರುದಿನ ಹೊಸ ಬಲ್ಬು ತಂದು ಹಾಕಿದೆ. ಆದರೂ ಬೆಳಕು ಬರಲಿಲ್ಲ. ಬಲ್ಬಿನೊಳಗಿನ ತಂತಿ ಕೆಂಪಗೆ ಮಿಣುಗುಟ್ಟಿತು, ಅಷ್ಟೇ. ಇನ್ನೂ ವಿಚಿತ್ರವೆಂದರೆ, ಬ್ರೇಕ್ ಒತ್ತಿದಾಗ ಪಕ್ಕದ ಇಂಡಿಕೇಟರ್ ಕೂಡ ಮಂದವಾಗಿ ಮಿನುಗುತ್ತಿತ್ತು! ಗ್ಯಾರೇಜಿನ ಕಾಕಾನ ಬಳಿಗೆ ಹೋದೆ.

"ಸರ್, ಸುಮ್ನ ಬಲ್ಬಿಗೆ ಯಾಕ ರೊಕ್ಕ ಹಾಕಿದ್ರಿ? ಮೊದಲ ಕರೆಂಟ್ ಎಲ್ಲಿತನಕ ಬಂದದ ನೋಡಬೇಕ್ರಿ" ಎಂದು ಕಾಕಾ ನಕ್ಕರು. ಆಮೇಲೆ ಅವರು ಮಾಡಿದ್ದನ್ನು ಗಮನಿಸಿ.

ಮೊದಲು ಹಾರ್ನ್ ಒತ್ತಿದರು. ಅದು ಜೋರಾಗಿ ಕೂಗಿತು. ಹಾಗಾದರೆ ಬ್ಯಾಟರಿ ಚೆನ್ನಾಗಿದೆ.

ಎರಡನೆಯದಾಗಿ, ಎರಡು ತಂತಿ ಜೋಡಿಸಿದ ಪರೀಕ್ಷಾ ಬಲ್ಬನ್ನು ತೆಗೆದುಕೊಂಡರು. ಒಂದು ತಂತಿಯನ್ನು ಬ್ಯಾಟರಿಯ ಋಣ ತುದಿಗೆ, ಇನ್ನೊಂದನ್ನು ಹಿಂದಿನ ದೀಪಕ್ಕೆ ಬರುವ ಬ್ರೇಕ್ ತಂತಿಗೆ ತಾಗಿಸಿ ಬ್ರೇಕ್ ಒತ್ತಿದರು. ಪರೀಕ್ಷಾ ಬಲ್ಬು ಪ್ರಕಾಶಮಾನವಾಗಿ ಹತ್ತಿತು. ಅಂದರೆ ಫ್ಯೂಸ್, ಸ್ವಿಚ್, ತಂತಿ ಎಲ್ಲವೂ ಸರಿ. ಬಲ್ಬಂತೂ ಹೊಸದು. ಹಾಗಾದರೆ ಉಳಿದದ್ದೇನು?

ನೀವೇ ಯೋಚಿಸಿ. ವಿದ್ಯುತ್ತು ಬಲ್ಬಿಗೆ ಬಂದರೆ ಸಾಲದು, ಬ್ಯಾಟರಿಗೆ ಹಿಂದಿರುಗಲೂ ಬೇಕು. ಆಗಲೇ ವಿದ್ಯುತ್ ಮಂಡಲ ಪೂರ್ಣವಾಗುವುದು. ಮೋಟಾರ್ ಸೈಕಲ್ಲಿನಲ್ಲಿ ಕಬ್ಬಿಣದ ಚೌಕಟ್ಟೇ ಈ ಹಿಂದಿರುಗುವ ದಾರಿಯಾಗಿ ಕೆಲಸ ಮಾಡುತ್ತದೆ. ಮೆಕ್ಯಾನಿಕ್‌ಗಳು ಇದನ್ನು 'ಅರ್ಥಿಂಗ್' ಎನ್ನುತ್ತಾರೆ. ಇದಕ್ಕೂ ಮಣ್ಣಿಗೂ ಸಂಬಂಧವಿಲ್ಲ.

ಕಾಕಾ ಒಂದು ತುಂಡು ತಂತಿಯಿಂದ ಬಲ್ಬಿನ ಹಿಡಿಯನ್ನು ನೇರವಾಗಿ ಬ್ಯಾಟರಿಯ ಋಣ ತುದಿಗೆ ಸೇರಿಸಿದರು. ಬ್ರೇಕ್ ಒತ್ತಿದೊಡನೆ ಬೆಳಕು ಫಳ್ಳೆಂದು ಬಂತು! ಕಳ್ಳ ಸಿಕ್ಕಿಬಿದ್ದ. ಸೀಟಿನ ಕೆಳಗೆ, ಅರ್ಥಿಂಗ್ ತಂತಿಯ ತಾಮ್ರದ ಬಳೆಯನ್ನು ಚೌಕಟ್ಟಿಗೆ ಬಿಗಿದ ಬೋಲ್ಟಿನ ಸುತ್ತ ಬೂದು ದೂಳು ಕೆಸರಾಗಿ ಮೆತ್ತಿಕೊಂಡಿತ್ತು. ಒಳಗೆ ಕಬ್ಬಿಣಕ್ಕೆ ತುಕ್ಕು, ತಾಮ್ರಕ್ಕೆ ಹಸಿರು ಕಿಲುಬು.

ಬೇಸಿಗೆಯಲ್ಲಿ ಇಲ್ಲದ ತೊಂದರೆ ಮಳೆ ಬಿದ್ದ ಮೇಲೆ ಯಾಕೆ ಬಂತು? ಒಣಗಿದ ದೂಳು ಸಂದುಗಳಲ್ಲಿ ಸುಮ್ಮನೆ ಕೂತಿರುತ್ತದೆ. ಮಳೆ ಬಂದಾಗ ಅದು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ದೂಳಿನಲ್ಲಿರುವ ಲವಣಗಳು ಆ ನೀರಿನಲ್ಲಿ ಕರಗುತ್ತವೆ. 1800ರಲ್ಲಿ ಇಟಲಿಯ ವಿಜ್ಞಾನಿ ಅಲೆಸ್ಸಾಂಡ್ರೊ ವೋಲ್ಟಾ ಎರಡು ಬೇರೆ ಬೇರೆ ಲೋಹಗಳ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳನ್ನಿಟ್ಟು ವಿದ್ಯುತ್ತು ಪಡೆದ ಕಥೆ ಗೊತ್ತೇ? ನನ್ನ ಬೋಲ್ಟಿನಲ್ಲೂ ಕಬ್ಬಿಣ, ತಾಮ್ರ, ನಡುವೆ ಲವಣದ ತೇವ ಸೇರಿ ಅಂಥದೇ ಪುಟ್ಟ ಕೋಶವಾಗಿತ್ತು! ಹೀಗಾದಾಗ ಕಬ್ಬಿಣ ಬೇಗ ಸವೆಯುತ್ತದೆ. ಹುಟ್ಟಿದ ತುಕ್ಕು ವಿದ್ಯುತ್ತಿಗೆ ಅಡ್ಡಗೋಡೆ.

ಲೆಕ್ಕ ನೋಡೋಣ. ನನ್ನ ಬ್ರೇಕ್ ಬಲ್ಬು 12 ವೋಲ್ಟ್, 21 ವ್ಯಾಟಿನದು. 21 ÷ 12 = 1.75 ಆಂಪಿಯರ್ ವಿದ್ಯುತ್ತು ಅದಕ್ಕೆ ಬೇಕು. ತುಕ್ಕಿನ ಗೋಡೆ ಅಷ್ಟನ್ನು ಬಿಡುತ್ತಿರಲಿಲ್ಲ. ತಡೆಯಾದ ವಿದ್ಯುತ್ತಿನ ಒಂದಿಷ್ಟು ಭಾಗ ಅದೇ ಅರ್ಥಿಂಗ್ ತಂತಿಗೆ ಸೇರಿದ ಇಂಡಿಕೇಟರ್ ಬಲ್ಬಿನ ಮೂಲಕ ಅಡ್ಡದಾರಿ ಹಿಡಿದಿತ್ತು. ಅದಕ್ಕೇ ಆ ಮಿಣುಕು ಬೆಳಕು!

ಕಾಕಾ ಬೋಲ್ಟ್ ಬಿಚ್ಚಿ, ಪಾಲಿಶ್ ಕಾಗದದಿಂದ ಎರಡೂ ಲೋಹಗಳು ಹೊಳೆಯುವಂತೆ ತಿಕ್ಕಿ, ಬಿಗಿಯಾಗಿ ಕೂರಿಸಿ, ಮೇಲೆ ಗ್ರೀಸ್ ಬಳಿದರು. ಗ್ರೀಸ್ ನೀರನ್ನು ಒಳಗೆ ಬಿಡುವುದಿಲ್ಲ. ಹತ್ತು ನಿಮಿಷದ ಕೆಲಸ. ಹೊಸ ಬಲ್ಬು ಕೊಳ್ಳುವ ಅಗತ್ಯವೇ ಇರಲಿಲ್ಲ.

ನೀವೂ ಮಾಡಿ ನೋಡಿ: ಒಂದು ಟಾರ್ಚ್ ಸೆಲ್, ಟಾರ್ಚ್ ಬಲ್ಬು, ತಂತಿಗಳು, ಚೆನ್ನಾಗಿ ತುಕ್ಕು ಹಿಡಿದ ಮೊಳೆ ತೆಗೆದುಕೊಳ್ಳಿ. ಮಂಡಲದ ನಡುವೆ ಮೊಳೆಯನ್ನಿಟ್ಟು, ತಂತಿಗಳನ್ನು ತುಕ್ಕಿನ ಮೇಲೆ ಮೆಲ್ಲಗೆ ತಾಗಿಸಿ. ಬಳಿಕ ಮೊಳೆಯನ್ನು ಪಾಲಿಶ್ ಕಾಗದದಿಂದ ತಿಕ್ಕಿ ಮತ್ತೆ ತಾಗಿಸಿ. ಬೆಳಕಿನಲ್ಲಿ ಏನು ವ್ಯತ್ಯಾಸ ಕಂಡಿತು? ಬರೆದಿಡಿ. ಎಚ್ಚರ! ಮನೆಯ ಕರೆಂಟಿನಲ್ಲಿ ಈ ಪ್ರಯೋಗ ಎಂದೂ ಮಾಡಬೇಡಿ. ವಾಹನದ ಬ್ಯಾಟರಿಯನ್ನೂ ಮುಟ್ಟಬೇಡಿ.

ಈಗ ಪ್ರತಿದಿನ ನಾನು ಗಾಡಿ ಹೊರಡಿಸುವ ಮುನ್ನ ಮಗಳು ಹಿಂದೆ ನಿಲ್ಲುತ್ತಾಳೆ. ನಾನು ಬ್ರೇಕ್ ಒತ್ತುತ್ತೇನೆ. "ಹತ್ತದಪ್ಪಾ" ಎಂದು ಅವಳು ಹೇಳಿದ ಮೇಲೆಯೇ ನಮ್ಮ ಪ್ರಯಾಣ. ನಿಮ್ಮ ಮನೆಯ ಗಾಡಿಯ ಹಿಂದೆಯೂ ಇಂದು ಒಮ್ಮೆ ನಿಂತು ನೋಡುವಿರಾ?