ಫರಸಿ ನೆಲಕ್ಕೆ ಆ್ಯಸಿಡ್ ಬೇಡ

ನಮ್ಮ ಮನೆಯ ನೆಲ ಶಹಾಬಾದ್ ಫರಸಿಯದು. ಹಬ್ಬ ಹತ್ತಿರ ಬಂತೆಂದರೆ ಊರಲ್ಲಿ ಎಲ್ಲರ ಕೈಯಲ್ಲೂ ಆ್ಯಸಿಡ್ ಬಾಟಲಿ. ನೆಲಕ್ಕೆ ಸುರಿದ ಕೂಡಲೇ ಬುಸ್ ಎಂದು ನೊರೆ ಏಳುತ್ತದೆ. ಕೊಳೆ ಬಿಡುತ್ತಿದೆ ಅಂದುಕೊಳ್ಳುತ್ತೇವೆ. ನಿಜಕ್ಕೂ ಕರಗುತ್ತಿರುವುದು ಕಲ್ಲು! ಫರಸಿ ಅಂದರೆ ಸುಣ್ಣದ ಕಲ್ಲು. ಆ್ಯಸಿಡ್ ತಾಗಿದರೆ ಮೈ ಒರಟಾಗಿ, ಮುಂದೆ ಕೊಳೆ ಇನ್ನೂ ಬೇಗ ಹಿಡಿಯುತ್ತದೆ. ಸಂದಿನ ಸಿಮೆಂಟೂ ಸವೆಯುತ್ತದೆ. ಹುಣಸೆ ರಸ, ನಿಂಬೆ ರಸ ಚೆಲ್ಲಿದರೂ ಕಲೆ ಉಳಿಯುವುದು ಇದಕ್ಕೇ.

ಬೆಂಗಳೂರಲ್ಲಿ ನೆಲ ತೊಳೆಯುವ ಕೆಲಸ ಮಾಡುವ ನಮ್ಮ ಚಿಗವ್ವ ಹೇಳಿಕೊಟ್ಟ ಕ್ರಮ ಹೀಗಿದೆ. ಮೊದಲು ಮರಳು ಗುಡಿಸಬೇಕು, ಕಲ್ಲಿಗೆ ಗೀರು ಬೀಳುವುದು ಅದರಿಂದಲೇ. ಒಂದು ಬಕೆಟ್ ನೀರಿಗೆ ಸ್ವಲ್ಪವೇ ಪಾತ್ರೆ ತೊಳೆಯುವ ಸೋಪು ಸಾಕು. ಸಂದಿಗೆ ಅಡುಗೆ ಸೋಡಾ ಕಲಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ನೈಲಾನ್ ಬ್ರಷ್‌ನಿಂದ ಉಜ್ಜಬೇಕು. ತಂತಿ ಬ್ರಷ್ ಬೇಡ. ಆಮೇಲೆ ಎರಡು ಸಲ ಬರೀ ನೀರು, ಕೊನೆಗೆ ಒಣಬಟ್ಟೆ.

ಇನ್ನೊಂದು ಮಾತು. ಆ್ಯಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಎಂದೂ ಸೇರಿಸಬೇಡಿ. ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ, ಜೀವಕ್ಕೇ ಅಪಾಯ. ಬಾಗಿಲು ಹಾಕಿದ ಬಚ್ಚಲಲ್ಲಂತೂ ಕೇಳಲೇಬೇಡಿ. ನಮ್ಮ ಕಡೆ ನೆಲ ಉಜ್ಜುವವರು ಹೆಚ್ಚಾಗಿ ಅವ್ವ, ಅಕ್ಕಂದಿರೇ. ನೆಲ ಫಳಫಳ ಹೊಳೆಯದಿದ್ದರೂ ನಡೆದೀತು, ಅವರ ಎದೆ ಚೆನ್ನಾಗಿರಲಿ.