ಬಿಡಾರ ಒಂದೇ ಇರಲಿ

ಐದು ದಿನದ ಪ್ರವಾಸ, ಐದು ಊರು, ಐದು ಹೋಟೆಲು! ದಕ್ಷಿಣ ಇಟಲಿಗೆಂದು ನಮ್ಮ ಯಜಮಾನರು ಬರೆದಿಟ್ಟ ಪಟ್ಟಿ ನೋಡಿ ನನಗೆ ತಲೆ ತಿರುಗಿತು. ದಿನಾ ಬೆಳಗಾದರೆ ಪೆಟ್ಟಿಗೆ ಕಟ್ಟುವವರು ಯಾರು? ಒದ್ದೆ ಟವೆಲು, ಮಗನ ಒಂಟಿ ಕಾಲುಚೀಲ, ಅತ್ತೆಯವರ ಮಾತ್ರೆ ಡಬ್ಬಿ ಹುಡುಕುವವರು ಯಾರು? ಉತ್ತರ ನಿಮಗೂ ಗೊತ್ತು, ಸೋದರಿಯರೇ!

ಅತ್ತೆಯವರಿಗೆ ಎಪ್ಪತ್ತನಾಲ್ಕು ವರ್ಷ, ಮಂಡಿನೋವು ಬೇರೆ. ಆದರೆ ಮೂವತ್ತು ವರ್ಷ ಚರಿತ್ರೆ ಪಾಠ ಹೇಳಿದವರು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೆಟ್ಟ ಸಿಡಿದು ಬೂದಿಯಲ್ಲಿ ಹೂತುಹೋದ ಪಾಂಪೆ ನಗರವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವರ ಬಹುದಿನದ ಆಸೆ. ಆದರೂ "ನಾನು ರೂಮಿನಲ್ಲೇ ಇರ್ತೀನಿ, ನೀವೆಲ್ಲ ಓಡಾಡ್ಕೊಂಡು ಬನ್ನಿ" ಅಂದುಬಿಟ್ಟರು. ನನಗೆ ಕಸಿವಿಸಿಯಾಯಿತು. ಅಷ್ಟು ದೂರ ಕರೆದುಕೊಂಡು ಹೋಗಿ ನಾಲ್ಕು ಗೋಡೆ ತೋರಿಸುವುದೇ?

ಆಗ ಹೊಳೆಯಿತು. ತಿರುಗುವವರಿಗೆ ಯಾವ ಊರಾದರೂ ಆದೀತು. ಬಿಡಾರ ಆರಿಸಬೇಕಾದದ್ದು ಹಿಂದೆ ಉಳಿಯುವವರ ಅನುಕೂಲ ನೋಡಿ!

ಭೂಪಟ ಹರಡಿಕೊಂಡು ಕೂತೆವು. ನೇಪಲ್ಸ್‌ನಲ್ಲಿ ವಿಮಾನ, ರೈಲು ಎಲ್ಲ ಉಂಟು. ಆದರೆ ಗದ್ದಲ ಜಾಸ್ತಿ. ಸೊರೆಂಟೋ ಚೆಂದದ ಊರು. ಕಾಪ್ರಿ ದ್ವೀಪಕ್ಕೆ ಅಲ್ಲಿಂದ ದೋಣಿ ಹತ್ತಿರ. ಆದರೆ ಊರು ಕಡಿದಾದ ಬಂಡೆಯ ಮೇಲೆ, ಬಂದರು ಕೆಳಗೆ. ಪೊಸಿಟಾನೋದಲ್ಲಂತೂ ಎಲ್ಲಿ ನೋಡಿದರೂ ಮೆಟ್ಟಿಲು! ಪೂರ್ವದ ಬಾರಿ ನಗರ ಹಿಡಿದರೆ ಅಲ್ಬೆರೊಬೆಲ್ಲೋದ ಶಂಕುವಿನಾಕಾರದ ಕಲ್ಲುಮನೆಗಳನ್ನೂ ಮಟೇರಾದ ಗುಹೆಮನೆಗಳನ್ನೂ ನೋಡಬಹುದು. ಪಾಂಪೆ ಮಾತ್ರ ದೂರವಾಗಿಬಿಡುತ್ತದೆ.

ಕೊನೆಗೆ ಒಪ್ಪಿಗೆಯಾದದ್ದು ಸಲೆರ್ನೋ. ರೈಲು ನಿಲ್ದಾಣದಿಂದ ನಡೆಯುವಷ್ಟು ದೂರದಲ್ಲಿ ದೋಣಿಕಟ್ಟೆ. ಕಡಲ ದಂಡೆಯುದ್ದಕ್ಕೂ ಮರಗಳ ನೆರಳಿನ ಸಮತಟ್ಟು ರಸ್ತೆ, ಕೂರಲು ಬೆಂಚು. ಅಮಾಲ್ಫಿಗೆ ದೋಣಿಯಲ್ಲಿ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು. ಕ್ರಿ.ಪೂ. 6 ಮತ್ತು 5ನೇ ಶತಮಾನದ ಮೂರು ಗ್ರೀಕ್ ದೇಗುಲಗಳಿರುವ ಪೆಸ್ಟುಂಗೆ ರೈಲು. ಪಾಂಪೆಗೂ ರೈಲು. ಇನ್ನೊಂದು ಸಂಗತಿ ಕೇಳಿ: ಮಧ್ಯಯುಗದಲ್ಲಿ ಈ ಊರಿನ ವೈದ್ಯಶಾಲೆ ಯೂರೋಪಿಗೇ ಹೆಸರಾಗಿತ್ತು. 12ನೇ ಶತಮಾನದಲ್ಲಿ ಇಲ್ಲಿದ್ದ ಟ್ರೋಟಾ ಎಂಬ ಮಹಿಳೆ ಹೆಂಗಸರ ಕಾಯಿಲೆಗಳಿಗೆ ಚಿಕಿತ್ಸೆ ಮಾಡುತ್ತಿದ್ದಳು. ಹೆಮ್ಮೆಯಾಗುವುದಿಲ್ಲವೇ?

ಕುಂದುಗಳನ್ನೂ ಹೇಳಿಬಿಡುತ್ತೇನೆ. ದೋಣಿಗಳು ಬಹುತೇಕ ಬೇಸಿಗೆ ತಿಂಗಳಲ್ಲಿ ಮಾತ್ರ. ಕಡಲು ಕೆರಳಿದರೆ ಆಗಲೂ ಇಲ್ಲ. ಕಾಪ್ರಿ ಇಲ್ಲಿಂದ ದೂರವೇ.

ಅಡುಗೆಮನೆ ಇರುವ ಬಾಡಿಗೆ ಮನೆಯನ್ನೇ ಹಿಡಿಯಿರಿ. ಎಷ್ಟನೇ ಮಹಡಿ, ಲಿಫ್ಟ್ ಇದೆಯೇ ಎಂದು ಮೊದಲೇ ಕೇಳಿ. ಎಷ್ಟೋ ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಸಾಮಾನು ಬೆಳಿಗ್ಗೆಯೇ ತನ್ನಿ. ಅಕ್ಕಿ, ಕಡಲೆಕಾಳು, ಟೊಮ್ಯಾಟೊ, ಬದನೆ ಎಲ್ಲ ಸಿಗುತ್ತದೆ. ಸಾರಿನ ಪುಡಿ ಒಂದು ಇದ್ದರೆ ಆಯಿತು. ಸಸ್ಯಾಹಾರಿಗಳಿಗೊಂದು ಕಿವಿಮಾತು: ಅಲ್ಲಿನ ಹೆಸರಾಂತ ಎಮ್ಮೆಹಾಲಿನ ಮೊಜರೆಲ್ಲಾ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ಬೇಡವೆನ್ನುವವರು 'ಮರಿನಾರಾ' ಪಿಜ್ಜಾ ಕೇಳಿ. ಹೆಸರಿನಲ್ಲಿ ಕಡಲಿದ್ದರೂ ಅದರಲ್ಲಿ ಮೀನಿಲ್ಲ, ಚೀಸೂ ಇಲ್ಲ. ಟೊಮ್ಯಾಟೊ, ಬೆಳ್ಳುಳ್ಳಿ, ಒರೆಗಾನೋ ಸೊಪ್ಪು, ಎಣ್ಣೆ ಅಷ್ಟೇ.

ಮೊದಲೆರಡು ದಿನ ಅತ್ತೆಯವರು ಕಡಲ ದಂಡೆಯ ಬೆಂಚಿನಲ್ಲೇ ಕೂತರು. ಸಂಜೆ ನಾವು ಬರುವ ಹೊತ್ತಿಗೆ ಪಕ್ಕದಲ್ಲೊಬ್ಬ ಇಟಲಿಯ ಅಜ್ಜಿ! ಭಾಷೆ ಬಾರದಿದ್ದರೂ ಮೊಮ್ಮಕ್ಕಳ ಲೆಕ್ಕ ಬೆರಳಿನಲ್ಲೇ ನಡೆದಿತ್ತು. ಹೀಗೆ ಮಂಡಿಗೆ ವಿಶ್ರಾಂತಿ ಸಿಕ್ಕಿದ್ದರಿಂದ ಮೂರನೆಯ ದಿನ "ನಡೀರಿ, ಪಾಂಪೆ ನೋಡೇಬಿಡೋಣ" ಎಂದು ಅವರೇ ಎದ್ದರು.

ಪಾಂಪೆಯಲ್ಲಿ ಆಂಫಿಥಿಯೇಟರ್ ಕಡೆಯ ಬಾಗಿಲಿನಿಂದ ಒಳಗೆ ಹೋಗಿ. ಗಾಲಿಕುರ್ಚಿಯೂ ಹೋಗುವಂತೆ 3 ಕಿ.ಮೀ.ಗೂ ಹೆಚ್ಚು ದಾರಿಯನ್ನು ಸರಿಮಾಡಿದ್ದಾರೆ. ಉಳಿದ ಕಡೆಯ ಕಲ್ಲುಹಾಸು ಮಂಡಿನೋವಿನವರಿಗಲ್ಲ. ನಿಧಾನವಾಗಿ, ಅಲ್ಲಲ್ಲಿ ಕೂತು, ಒಂದು ರೊಟ್ಟಿ ಅಂಗಡಿಯವರೆಗೆ ಹೋದೆವು. ಹಿಟ್ಟು ಬೀಸುವ ಕಲ್ಲು, ಒಲೆ, ಎಲ್ಲ ಇದ್ದ ಹಾಗೇ ಇದೆ. ಅತ್ತೆಯವರು ಆ ಒಲೆಯ ಮುಂದೆ ಬಹಳ ಹೊತ್ತು ನಿಂತರು.

"ಮೂವತ್ತು ವರ್ಷ ಇಸವಿ ಬಾಯಿಪಾಠ ಮಾಡಿಸ್ದೆ ಕಣೇ. ಆವತ್ತು ಬೆಳಿಗ್ಗೆಯೂ ಯಾರೋ ಒಲೆ ಹಚ್ಚಿರ್ತಾರೆ ಅಂತ ಒಂದು ದಿನವೂ ಹೇಳ್ಲಿಲ್ವಲ್ಲ!" ಎಂದರು.

ಆ ಸಂಜೆ ಯಜಮಾನರು ತಮ್ಮ ಐದು ಊರಿನ ಪಟ್ಟಿಯನ್ನು ಮಡಚಿ ಜೇಬಿಗಿಟ್ಟರು. ನಾನು ಐದು ದಿನದಲ್ಲಿ ಪೆಟ್ಟಿಗೆ ಕಟ್ಟಿದ್ದು ಒಂದೇ ಸಲ, ಊರಿಗೆ ಹೊರಡುವಾಗ!