ನಾಲ್ಕು ದಿನದ ಕುಂದಾ, ಆರು ತಿಂಗಳ ಬೇಡಿಕೆ

ನಮ್ಮದು ಬೆಳಗಾವಿಯ ಶಹಾಪುರದಲ್ಲಿ ಹಾಲಿನ ಮಿಠಾಯಿ ಕುಂದಾ ಮಾಡುವ ಮನೆ. ಎಮ್ಮೆ ಹಾಲನ್ನು ಕಡಾಯಿಯಲ್ಲಿ ಗಂಟೆಗಟ್ಟಲೆ ಕಾಯಿಸಿ, ಮೊಸರು ಬಿಟ್ಟು ಒಡೆಸಿ, ಸಕ್ಕರೆ ಹಾಕಿ ಕೆಂಪಗಾಗುವತನಕ ಕೈಯಾಡಿಸುತ್ತಲೇ ಇರಬೇಕು. ಐದು ಲೀಟರ್ ಹಾಲು ಬತ್ತಿದರೆ ಸಿಗುವ ಖೋವಾ ಒಂದು ಕಿಲೋ ಆಸುಪಾಸು. ಯಜಮಾನರ ರಟ್ಟೆ ಸೋತ ಮೇಲೆ ಕೈಯಾಡಿಸುವ ಯಂತ್ರ, ಪ್ಯಾಕಿಂಗ್ ಯಂತ್ರ, ಶೀತಲ ಕೋಣೆ ಬೇಕೇಬೇಕಾಯಿತು. ಹಣ ಇರಲಿಲ್ಲ. ಹೂಡಿಕೆದಾರರನ್ನು ಹುಡುಕಿಕೊಂಡು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದೆ.

ಎಚ್‌ಎಸ್‌ಆರ್ ಲೇಔಟ್‌ನ ಒಂದು ಕಚೇರಿಯಲ್ಲಿ ಬೆಳಿಗ್ಗೆ ಕೂತವಳನ್ನು ಒಳಗೆ ಕರೆದಾಗ ಊಟದ ಹೊತ್ತು ಮೀರಿತ್ತು. ಮಾತಾಡಲು ಹತ್ತು ನಿಮಿಷ. ಮೊದಲ ಪ್ರಶ್ನೆ ಲೆಕ್ಕದ್ದಲ್ಲ, "ಹಸ್ಬೆಂಡ್ ಏನ್ ಮಾಡ್ತಾರೆ ಮೇಡಂ?" ಎಂಬುದು. ಒಬ್ಬರು ಫೋನಿನಿಂದ ತಲೆ ಎತ್ತಲಿಲ್ಲ. ಒಬ್ಬ ಹುಡುಗ ಮಾತ್ರ ನಾನು ಒಯ್ದಿದ್ದ ಕುಂದಾದ ಡಬ್ಬಿ ತೆರೆದು ಎರಡು ಚಮಚ ತಿಂದ, ತಳಕ್ಕೆ ಹತ್ತಿದ್ದನ್ನೂ ಕೆರೆದ. "ಸೂಪರ್ ಆಗಿದೆ. ಶೆಲ್ಫ್ ಲೈಫ್ ಎಷ್ಟು?" ಎಂದ.

"ಹೊರಗಿಟ್ಟರೆ ನಾಲ್ಕು ದಿನ. ಫ್ರಿಜ್ಜಿನಲ್ಲಿ ಇನ್ನೊಂದಷ್ಟು ದಿನ."

"ಆರು ತಿಂಗಳು ಮಾಡೋಕಾಗಲ್ವಾ? ಹಾಲಿನ ಪುಡಿ, ವನಸ್ಪತಿ ಹಾಕಿದ್ರೆ ಖರ್ಚೂ ಇಳಿಯುತ್ತೆ."

2020ರ ಅಕ್ಟೋಬರ್‌ನಿಂದ ಬಿಡಿ ಮಿಠಾಯಿಗೂ ಎಷ್ಟರೊಳಗೆ ತಿನ್ನಬೇಕೆಂಬ ತಾರೀಖು ಬರೆದಿಡಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ ತಂದಿತ್ತು. ಅಂಗಡಿಯಲ್ಲಿ ತಟ್ಟೆಯ ಮುಂದೆ ಆ ತಾರೀಖು ಬರೆಯುವವಳು ನಾನೇ. ಆರು ತಿಂಗಳು ಆಗುವುದಿಲ್ಲ ಎಂದೆ. ಮನೆಗೆ ಬಂದು ಹೇಳಿದಾಗ ಅತ್ತೆ ಕೇಳಿದ್ದು ಒಂದೇ ಮಾತು: "ಪುಡಿ ಹಾಲಿಂದು ತಿಂದವ್ರು ಮತ್ತ ನಮ್ಮ ಅಂಗಡಿಗೆ ಬರ್ತಾರೇನವಾ?"

ಆಮೇಲೆ ಹಲವು ಕಡೆ ಹೋದೆ. ಎಲ್ಲರದೂ ಅದೇ ರಾಗ: ಮೂರು ವರ್ಷದಲ್ಲಿ ಎಷ್ಟು ಪಟ್ಟು ಬೆಳೆಯುತ್ತೀರಿ, ದೊಡ್ಡ ಕಂಪನಿ ನಾಳೆ ಇದನ್ನೇ ಮಾಡಿದರೆ ಏನು ಗತಿ? ಒಂದು ಕಡೆ ಕರಡು ಒಪ್ಪಂದದವರೆಗೂ ಬಂತು. ಪರಿಚಯದ ವಕೀಲರಿಗೆ ತೋರಿಸಿದೆ. ಕಂಪನಿ ಮಾರಾಟವಾದರೆ ಮೊದಲು ಹೂಡಿಕೆದಾರರ ಹಣ, ಮಿಕ್ಕರೆ ನಮ್ಮ ಪಾಲು. ಐದು ವರ್ಷದೊಳಗೆ ಅವರಿಗೆ ಹೊರಹೋಗಲು ದಾರಿ ಸಿಗದಿದ್ದರೆ ಅವರ ಷೇರುಗಳನ್ನು ನಾವೇ ಬಡ್ಡಿ ಕಟ್ಟಿ ಕೊಳ್ಳಬೇಕು. "ಇದು ಸಾಲಕ್ಕಿಂತ ಬಿಗಿ ಐತಿ ಅಕ್ಕಾರ" ಎಂದರು ವಕೀಲರು. ನಾನು ಸಹಿ ಹಾಕಲಿಲ್ಲ.

ಕೊನೆಗೆ ಕೈಹಿಡಿದದ್ದು ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆ. ಆಗ ಘಟಕದ ವೆಚ್ಚದ ಶೇ. 35ರಷ್ಟು ಸಹಾಯಧನವಿತ್ತು, ಗರಿಷ್ಠ 10 ಲಕ್ಷ ರೂಪಾಯಿ. ರಾಜ್ಯ ಸರ್ಕಾರದ್ದು ಅದರ ಮೇಲೆ ಇನ್ನಷ್ಟು. ಅಲ್ಲೂ ಅಲೆದಾಟ ತಪ್ಪಲಿಲ್ಲ. ಕೊಟೇಶನ್ನು, ಉದ್ಯಮ್ ನೋಂದಣಿ, ಮತ್ತೆ ಕೊಟೇಶನ್ನು. ಸಹಾಯಧನವೂ ಕೈಗೆ ಬರುವುದಿಲ್ಲ, ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿದ್ದು, ಕಂತು ಸರಿಯಾಗಿ ಕಟ್ಟಿದರೆ ಮೂರು ವರ್ಷದ ನಂತರ ಸಾಲಕ್ಕೆ ಜಮೆಯಾಗುತ್ತದೆ. ಶೀತಲ ಕೋಣೆಯ ಆಸೆ ಬಿಟ್ಟು ಎರಡು ಯಂತ್ರ ತಂದೆವು.

ಹೂಡಿಕೆದಾರರು ಕೆಟ್ಟವರಲ್ಲ. ಅವರ ಹಣಕ್ಕೆ ಅವಸರವಿದೆ, ಹಾಲಿನ ಮಿಠಾಯಿಗೆ ಆ ಅವಸರ ಒಗ್ಗುವುದಿಲ್ಲ. ನಿಮ್ಮ ಸರಕು ಎಷ್ಟು ದಿನ ಬಾಳುತ್ತದೆ, ಎಷ್ಟು ದೂರ ಹೋಗುತ್ತದೆ ಎಂದು ಮೊದಲು ಲೆಕ್ಕ ಹಾಕಿ. ಒಪ್ಪಂದವನ್ನು ವಕೀಲರಿಗೆ ತೋರಿಸದೆ ಸಹಿ ಮಾತ್ರ ಹಾಕಬೇಡಿ.